ಆ ಟೇಬಲ್ ಜಾಗ ವಾಪಸ್ ಕೊಡಿ: ನಮ್ಮ ಕನ್ನಡ ಕೂಟದ ಪದಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಅಧ್ಯಕ್ಷರಿಗೆ, ಕಾರ್ಯದರ್ಶಿಗಳಿಗೆ, ಖಜಾಂಚಿಯವರಿಗೆ ಮತ್ತು ಕಾರ್ಯಕಾರಿ ಸಮಿತಿಯ ಎಲ್ಲ ಸದಸ್ಯರಿಗೆ,

ನಮಸ್ಕಾರ.

ಕಳೆದ ರಾಜ್ಯೋತ್ಸವದ ದಿನ ಹೈಸ್ಕೂಲ್ ಸಭಾಂಗಣದ ಬಾಗಿಲ ಹತ್ತಿರ ನಾನೊಂದು ಟೇಬಲ್ ಹಾಕಿಕೊಂಡು ಕೂತಿದ್ದೆ. ಊಟದ ಹೊತ್ತಿಗೆ ಅದನ್ನು ತೆಗೆಸಿದಿರಿ. ಈ ಪತ್ರ ಅದರ ಬಗ್ಗೆ. ಮೂರು ಸಲ ಇಮೇಲ್ ಮಾಡಿದೆ, ಉತ್ತರ ಬರಲಿಲ್ಲ. ವಾಟ್ಸಾಪ್ ಗ್ರೂಪಿನಲ್ಲಿ ಕೇಳಿದೆ, ಅಡ್ಮಿನ್ ಅಳಿಸಿದರು. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ಕೋಪ ಇಲ್ಲ ಅಂತ ಸುಳ್ಳು ಹೇಳುವುದಿಲ್ಲ, ಇದೆ. ಆದರೆ ಹನ್ನೊಂದು ವರ್ಷದಿಂದ ಈ ಕೂಟದ ಸದಸ್ಯ ನಾನು. ಪಾತ್ರೆ ತೊಳೆದಿದ್ದೇನೆ, ಕುರ್ಚಿ ಜೋಡಿಸಿದ್ದೇನೆ, ಎರಡು ವರ್ಷ ಸೌಂಡ್ ಸಿಸ್ಟಮ್ ನೋಡಿಕೊಂಡಿದ್ದೇನೆ. ಜಗಳ ಆಡೋಕೆ ಬಂದ ಹೊರಗಿನವನಲ್ಲ.

ಗೊತ್ತಿಲ್ಲದವರಿಗಾಗಿ ನಡೆದದ್ದನ್ನು ಹೇಳುತ್ತೇನೆ. ಇಲ್ಲಿ ಅಮೆರಿಕದ ನಮ್ಮ ಊರಿನ ಪುಟ್ಟ ಏರ್‌ಪೋರ್ಟ್ ಪಕ್ಕದಲ್ಲಿ ಒಂದು ಸ್ಮಾರಕ ಮಾಡಬೇಕು ಅಂತ ಇಲ್ಲಿನ ಕಪ್ಪು ಜನರ ಚರ್ಚ್ ಒಂದು ಮತ್ತು ಕೆಲವು ಮಾಜಿ ಸೈನಿಕರು ಹಣ ಕೂಡಿಸುತ್ತಿದ್ದಾರೆ. ಎರಡನೇ ಮಹಾಯುದ್ಧದ ಕಪ್ಪು ಪೈಲಟ್‌ಗಳ ನೆನಪಿಗೆ ಅದು. ಒಂದು ಗ್ರಾನೈಟ್ ಕಲ್ಲು, ಸುತ್ತ ಹೆಸರು ಕೆತ್ತಿದ ಇಟ್ಟಿಗೆಗಳ ಹಾದಿ, ಎರಡು ಬೆಂಚು, ಅಷ್ಟೆ. ಒಂದು ಇಟ್ಟಿಗೆಗೆ ನೂರು ಡಾಲರ್. ಬೇಕಾದ ಹಣದಲ್ಲಿ ಸುಮಾರು ಅರ್ಧ ಸೇರಿದೆ. ನಾನು ಟೇಬಲ್ ಹಾಕಲು ಒಂದು ತಿಂಗಳು ಮುಂಚೆಯೇ ಅನುಮತಿ ಕೇಳಿದ್ದೆ. 'ಹಾಕಿ ಸಾರ್, ಅದರಲ್ಲೇನಿದೆ' ಅಂದಿದ್ದಿರಿ.

ಎಂಟಿಆರ್ ಜಾಮೂನಿನ ಖಾಲಿ ಡಬ್ಬಕ್ಕೆ ನನ್ನ ಮಗಳು ಕೆಂಪು ಕಾಗದ ಅಂಟಿಸಿ, ಮುಚ್ಚಳದಲ್ಲಿ ಸೀಳು ಮಾಡಿ, ಹುಂಡಿ ಮಾಡಿಕೊಟ್ಟಿದ್ದಳು. ಮೇಲೆ ಕೆಂಪು ಬಾಲದ ಒಂದು ವಿಮಾನ ಬರೆದಿದ್ದಳು. ರೆಕ್ಕೆ ಒಂದು ಕಡೆ ಸ್ವಲ್ಪ ಉದ್ದ ಆಗಿತ್ತು. ಎರಡೂವರೆ ಗಂಟೆಯಲ್ಲಿ 212 ಡಾಲರ್ ಬಿತ್ತು. ಅಷ್ಟರಲ್ಲಿ ಸಮಿತಿಯ ಒಬ್ಬರು ಬಂದು, ಸ್ಪಾನ್ಸರ್‌ಗಳ ಬ್ಯಾನರ್‌ಗೆ ಜಾಗ ಬೇಕು, ಟೇಬಲ್ ತೆಗೀಬೇಕು ಅಂದರು. ಪಕ್ಕಕ್ಕೆ ಸರಿಸಿಕೊಳ್ತೀನಿ ಅಂದೆ. ಬೇಡ, ತೆಗೆದುಬಿಡಿ ಅಂದರು. ಒಂದು ಕಡೆ ರಿಯಲ್ ಎಸ್ಟೇಟ್ ಏಜೆಂಟರ ಟೇಬಲ್, ಇನ್ನೊಂದು ಕಡೆ ಸೀರೆ ಅಂಗಡಿಯವರ ಟೇಬಲ್. ಅವೆರಡೂ ಸಂಜೆ ತನಕ ಅಲ್ಲೇ ಇದ್ದವು. ನಾನು ಟೇಬಲ್ ಮಡಚುತ್ತಿದ್ದಾಗ ಹಿಂದೆ ಯಾರೋ ಹೇಳಿದ ಮಾತು ಕಿವಿಗೆ ಬಿತ್ತು. 'ಕರಿಯರಿಗೆ ಅವರದ್ದೇ ಜನ ಇದ್ದಾರೆ ಬಿಡಿ, ನಮಗ್ಯಾಕೆ?' ಹೇಳಿದವರು ಯಾರು ಅಂತ ಬರೆಯುವುದಿಲ್ಲ. ಅವರಿಗೆ ಗೊತ್ತು. ಅವರ ಮನೆಯಲ್ಲಿ ನಾನು ಎಷ್ಟೋ ಸಲ ಊಟ ಮಾಡಿದ್ದೇನೆ.

ಆಮೇಲೆ ಬಾಯಿಮಾತಲ್ಲಿ ನನಗೆ ಮೂರು ಕಾರಣ ಸಿಕ್ಕಿವೆ. ಬೈಲಾದಲ್ಲಿ ಅವಕಾಶ ಇಲ್ಲ. ಕಾಂಟ್ರವರ್ಸಿ ಆಗುತ್ತೆ. ಮೂರನೆಯದು ಅದೇ, ನಮಗೆ ಸಂಬಂಧ ಇಲ್ಲ.

ಬೈಲಾ ವಿಷಯ ಬೇಗ ಮುಗಿಸುತ್ತೇನೆ. 2018ರಲ್ಲಿ ಕೊಡಗಿನಲ್ಲಿ ಗುಡ್ಡ ಕುಸಿದಾಗ ಇದೇ ಕೂಟ ಹಣ ಕೂಡಿಸಿತು. ಒಳ್ಳೇ ಕೆಲಸ, ನಾನೂ ಕೊಟ್ಟೆ. ಆವತ್ತು ಯಾರೂ ಬೈಲಾ ತೆಗೆದು ನೋಡಲಿಲ್ಲ. ಈಗ ನಾನು ನೋಡಿದ್ದೇನೆ. 'ಸ್ಥಳೀಯ ಸಮುದಾಯದೊಂದಿಗೆ ಬಾಂಧವ್ಯ' ಅಂತ ಒಂದು ಸಾಲು ಸ್ಪಷ್ಟವಾಗಿ ಇದೆ. ಬರೆದವರು ಗೋಡೆಗೆ ಅಂಟಿಸೋಕೆ ಬರೆದಿರಲಾರರು ಅಲ್ವಾ?

ಈ ಪೈಲಟ್‌ಗಳು ಯಾರು ಅಂತ ಸ್ವಲ್ಪ ಹೇಳಲೇಬೇಕು. ಆವತ್ತು ಟೇಬಲ್ ಹತ್ತಿರ ಬಂದ ಹತ್ತರಲ್ಲಿ ಎಂಟು ಜನ ಕೇಳಿದ್ದು ಅದನ್ನೇ.

1925ರಲ್ಲಿ ಅಮೆರಿಕದ ಆರ್ಮಿ ವಾರ್ ಕಾಲೇಜು ಒಂದು ವರದಿ ಬರೆಯಿತು. ಕಪ್ಪು ಜನರಿಗೆ ಬುದ್ಧಿ ಕಡಿಮೆ, ಎದೆಗಾರಿಕೆ ಕಡಿಮೆ, ಮುಂದಾಳತ್ವ ಅವರ ಕೈಲಿ ಆಗುವ ಕೆಲಸ ಅಲ್ಲ ಅಂತ ಅದರ ಸಾರ. ಸೈನ್ಯ ಎಷ್ಟೋ ವರ್ಷ ಅದನ್ನು ನಂಬಿಕೊಂಡೇ ನಡೆಯಿತು. ಬೆಂಜಮಿನ್ ಡೇವಿಸ್ ಜೂನಿಯರ್ ಅನ್ನುವ ಕಪ್ಪು ಹುಡುಗ 1932ರಲ್ಲಿ ವೆಸ್ಟ್ ಪಾಯಿಂಟ್ ಮಿಲಿಟರಿ ಅಕಾಡೆಮಿ ಸೇರಿದ. ನಾಲ್ಕು ವರ್ಷ ಜೊತೆಯ ಕೆಡೆಟ್‌ಗಳು ಕೆಲಸಕ್ಕೆ ಬೇಕಾದಷ್ಟು ಬಿಟ್ಟರೆ ಅವನ ಹತ್ತಿರ ಒಂದು ಮಾತೂ ಆಡಲಿಲ್ಲ. ರೂಮಿನಲ್ಲಿ ಒಬ್ಬನೇ, ಊಟಕ್ಕೂ ಒಬ್ಬನೇ. ನಮ್ಮ ಹಳ್ಳಿಗಳಲ್ಲಿ ಒಂದು ಮನೆಗೆ ಬಹಿಷ್ಕಾರ ಹಾಕಿದರೆ ಹೇಗಿರುತ್ತೆ ಅಂತ ನಿಮ್ಮಲ್ಲಿ ಕೆಲವರಾದರೂ ಕಂಡಿರುತ್ತೀರಿ. ಅದೇ, ನಾಲ್ಕು ವರ್ಷ. ಅವನು 276 ಜನರಲ್ಲಿ 35ನೆಯವನಾಗಿ ಪಾಸಾದ. ವಿಮಾನ ಹಾರಿಸುತ್ತೇನೆ ಅಂದರೆ ಆಗಲ್ಲ ಅಂದರು. ಕಪ್ಪು ಜನರ ಸ್ಕ್ವಾಡ್ರನ್ನೇ, ಅಂದರೆ ವಿಮಾನ ಪಡೆಯೇ ಇಲ್ಲ, ನಿನ್ನನ್ನು ಎಲ್ಲಿಗೆ ಹಾಕೋದು ಅಂತ.

ಆ ಸ್ಕ್ವಾಡ್ರನ್ ಹುಟ್ಟಿದ್ದು 1941ರಲ್ಲಿ, ಒತ್ತಾಯಕ್ಕೆ. ತರಬೇತಿ ಅಲಬಾಮಾದ ಟಸ್ಕೀಗಿಯಲ್ಲಿ. ಅದಕ್ಕೇ ಅವರನ್ನು ಟಸ್ಕೀಗಿ ಏರ್‌ಮೆನ್ ಅನ್ನುತ್ತಾರೆ. ಮೊದಲ ಬ್ಯಾಚಿನಲ್ಲಿ 13 ಜನ ಸೇರಿದರು. 1942ರ ಮಾರ್ಚ್‌ನಲ್ಲಿ ರೆಕ್ಕೆಯ ಬ್ಯಾಡ್ಜ್ ಸಿಕ್ಕಿದ್ದು ಐದೇ ಜನಕ್ಕೆ. ಅದರಲ್ಲಿ ಡೇವಿಸ್ ಒಬ್ಬರು. 1946ರ ಹೊತ್ತಿಗೆ ಸುಮಾರು 990 ಪೈಲಟ್‌ಗಳು ಅಲ್ಲಿಂದ ಹೊರಬಂದರು. ಉತ್ತರ ಆಫ್ರಿಕಾ, ಆಮೇಲೆ ಇಟಲಿ. ಬಾಂಬರ್ ವಿಮಾನಗಳಿಗೆ ಕಾವಲಾಗಿ ಬರ್ಲಿನ್ ತನಕ ಹೋಗಿ ಬಂದರು. ವಿಮಾನದ ಬಾಲಕ್ಕೆ ಕೆಂಪು ಬಣ್ಣ ಬಳಿದುಕೊಂಡಿದ್ದರು. ಅಲ್ಲಿ ಸತ್ತವರು 60ಕ್ಕೂ ಹೆಚ್ಚು.

ಎರಡು ವರ್ಷದ ಹಿಂದೆ ಮಕ್ಕಳನ್ನು ಕರಕೊಂಡು ಟಸ್ಕೀಗಿಗೆ ಹೋಗಿದ್ದೆ. ಮೋಟನ್ ಫೀಲ್ಡ್ ಅಂತ ಆ ಜಾಗ. ಈಗ ನ್ಯಾಷನಲ್ ಪಾರ್ಕಿನವರು ನೋಡಿಕೊಳ್ಳುತ್ತಾರೆ. ಹ್ಯಾಂಗರ್ ಒಳಗೆ ಎರಡು ರೆಕ್ಕೆಯ, ಆಟದ ಸಾಮಾನಿನ ಹಾಗೆ ಕಾಣುವ ಸ್ಟಿಯರ್‌ಮನ್ ವಿಮಾನ ಇದೆ. ಅವರು ಮೊದಲು ಕಲಿತದ್ದು ಅಂಥದ್ದರಲ್ಲೇ. ಮಗ ಕೇಳಿದ, 'ಅಪ್ಪ, ಇದಕ್ಕೆ ಮೇಲೆ ಮುಚ್ಚಳ ಇಲ್ವಾ?' ಇಲ್ಲ. ಗಾಳಿ ಸೀದಾ ಮುಖಕ್ಕೆ. ನಾನು ನಿಜವಾಗಿ ನಿಂತುಬಿಟ್ಟಿದ್ದು ಮಾತ್ರ ಇನ್ನೊಂದು ಕಥೆ ಕೇಳಿ. ಅದು ವಿಮಾನದ್ದಲ್ಲ, ಬಾಗಿಲಿನದ್ದು.

1945ರ ಏಪ್ರಿಲ್. ಇಂಡಿಯಾನಾದ ಫ್ರೀಮನ್ ಫೀಲ್ಡ್. ಟಸ್ಕೀಗಿಯಲ್ಲಿ ಕಲಿತು ಬಾಂಬರ್ ತಂಡ ಸೇರಿದ್ದ ಕಪ್ಪು ಆಫೀಸರ್‌ಗಳನ್ನು ಅಲ್ಲಿ ಇಟ್ಟಿದ್ದರು. ಎರಡು ಆಫೀಸರ್ಸ್ ಕ್ಲಬ್. ಒಂದು 'ತರಬೇತಿ ಪಡೆಯುವವರಿಗೆ', ಇನ್ನೊಂದು 'ತರಬೇತಿ ಕೊಡುವವರಿಗೆ'. ಕಾಗದದ ಮೇಲೆ ಎಲ್ಲೂ ಬಣ್ಣದ ಮಾತಿಲ್ಲ. ಕಲಿಯುವವರು ಕಪ್ಪು, ಕಲಿಸುವವರು ಬಿಳಿ, ಅಷ್ಟೆ. ನಮ್ಮೂರ ಹೋಟೆಲುಗಳಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದರಲ್ಲ, ಅದನ್ನೂ ಯಾರೂ ಬೋರ್ಡ್ ಹಾಕಿ ಹೇಳುತ್ತಿರಲಿಲ್ಲ. ಈ ಆಫೀಸರ್‌ಗಳು ಸಣ್ಣ ಸಣ್ಣ ಗುಂಪಾಗಿ ಹೋಗಿ ಬಿಳಿಯರ ಕ್ಲಬ್ಬಿನ ಬಾಗಿಲು ದಾಟಿದರು. ಬಂಧಿಸಿದರು. ಆಮೇಲೆ ಈ ನಿಯಮ ಓದಿದ್ದೇನೆ, ಅರ್ಥಮಾಡಿಕೊಂಡಿದ್ದೇನೆ ಅಂತ ಸಹಿ ಹಾಕಿ ಅಂದರು. ಯುದ್ಧಕಾಲದಲ್ಲಿ ಮೇಲಧಿಕಾರಿಯ ಆಜ್ಞೆ ಮೀರಿದರೆ ಮರಣದಂಡನೆ ತನಕ ಹೋಗಬಹುದು. 101 ಜನ ಸಹಿ ಹಾಕಲಿಲ್ಲ. ಅವರ ಕಡತಕ್ಕೆ ಬಿದ್ದ ಕಪ್ಪು ಗುರುತನ್ನು ವಾಯುಪಡೆ ಅಳಿಸಲು ಶುರುಮಾಡಿದ್ದು 1995ರಲ್ಲಿ. ಐವತ್ತು ವರ್ಷ! ಆ 101 ಜನರಲ್ಲಿ ಎಷ್ಟು ಮಂದಿ ಅದನ್ನು ಕಣ್ಣಾರೆ ನೋಡಲು ಉಳಿದಿದ್ದರೋ.

ಅಮೆರಿಕದ ಅಧ್ಯಕ್ಷ ಟ್ರೂಮನ್, ಸೈನ್ಯದಲ್ಲಿ ಭೇದಭಾವ ನಿಲ್ಲಬೇಕು ಅಂತ ಆದೇಶ ಹೊರಡಿಸಿದ್ದು 1948ರ ಜುಲೈನಲ್ಲಿ. ಅಲ್ಲಿಂದ 1964ರ ನಾಗರಿಕ ಹಕ್ಕು ಕಾಯಿದೆಗೆ, ಅಲ್ಲಿಂದ 1965ರ ವಲಸೆ ಕಾಯಿದೆಗೆ ಒಂದೇ ದಾರಿ. ಇಲ್ಲಿ ನಮ್ಮ ಸಂಬಂಧ ಬರುತ್ತದೆ. 1923ರಲ್ಲಿ ಈ ದೇಶದ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂದ್ ಅನ್ನುವ ಪಂಜಾಬಿಗೆ, ನೀನು ಬಿಳಿಯ ಅಲ್ಲ, ಪೌರತ್ವ ಇಲ್ಲ ಅಂದಿತು. ಆತ ಮೊದಲನೇ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲೇ ಇದ್ದವನು. 1946ರಿಂದ ಇಡೀ ಭಾರತಕ್ಕೆ ವರ್ಷಕ್ಕೆ ನೂರು ಜನರ ಕೋಟಾ ಕೊಟ್ಟರು. ನೂರು! ನಮ್ಮ ರಾಜ್ಯೋತ್ಸವದ ಊಟದ ಒಂದು ಪಂಕ್ತಿಗೆ ಸಾಲದು. ಆ ಕೋಟಾ ಪದ್ಧತಿ ಹೋಗಿದ್ದು 1965ರಲ್ಲಿ. ನಮ್ಮ ಕೂಟ ಕಟ್ಟಿದ ಹಿರಿಯರು ಎಪ್ಪತ್ತರ ದಶಕದಲ್ಲಿ ಎರಡು ಸೂಟ್‌ಕೇಸ್ ಹಿಡಿದು ಬಂದಿಳಿದದ್ದು ಆ ಬಾಗಿಲಿನಿಂದ. ಬಾಗಿಲಿಗೆ ಹೆಗಲು ಕೊಟ್ಟು ನೂಕಿದವರು ಬೇರೆ ಜನ. ಏಟು ತಿಂದವರೂ ಅವರೇ. ನಾವು ಹೆಚ್‌1ಬಿ, ಗ್ರೀನ್ ಕಾರ್ಡ್ ಅಂತ ಎಷ್ಟೇ ಒದ್ದಾಡಿದ್ದರೂ, ತೆರೆದ ಬಾಗಿಲಲ್ಲಿ ಒದ್ದಾಡಿದೆವು. 'ನಮಗ್ಯಾಕೆ' ಅಂದವರಿಗೆ ನನ್ನ ಉತ್ತರ ಇಷ್ಟೇ. ಇದಕ್ಕಿಂತ ಉದ್ದ ಬೇಡ.

ಕಾಂಟ್ರವರ್ಸಿ ಅನ್ನುವುದಕ್ಕೆ ಬರೋಣ. ಇದರಲ್ಲಿ ಎರಡು ಸೇರಿಕೊಂಡಿವೆ. ಸಮಿತಿಯ ಒಬ್ಬರು ನನಗೆ, 'ನೆಟ್‌ನಲ್ಲಿ ಓದಿದೆ, ಅವರ ಕಥೆಯೆಲ್ಲ ಉತ್ಪ್ರೇಕ್ಷೆ ಅಂತೆ' ಅಂದರು. ಅರ್ಧ ನಿಜ. ಅವರು ಕಾವಲಿದ್ದ ಒಂದೇ ಒಂದು ಬಾಂಬರ್ ಕೂಡ ಶತ್ರು ವಿಮಾನಕ್ಕೆ ಬಲಿಯಾಗಲಿಲ್ಲ ಅಂತ ಬಹಳ ವರ್ಷ ಹೇಳುತ್ತಿದ್ದರು. ವಾಯುಪಡೆಯ ಇತಿಹಾಸಕಾರರೇ ಹಳೇ ಕಡತ ತೆಗೆದು ಲೆಕ್ಕ ಹಾಕಿದಾಗ 27 ಬಾಂಬರ್ ಹೋಗಿದ್ದವು ಅಂತ ಗೊತ್ತಾಯಿತು. ಅದೇ ಪಡೆಯ ಉಳಿದ ಕಾವಲು ಗುಂಪುಗಳ ಸರಾಸರಿ 46. ನನಗಂತೂ ಸೊನ್ನೆಗಿಂತ ಈ 27 ಹೆಚ್ಚು ಇಷ್ಟ. ಸೊನ್ನೆ ಪುರಾಣ, 27 ಮನುಷ್ಯರ ಕೆಲಸ. ಚರ್ಚಿನ ಕರಪತ್ರದಲ್ಲಿ ಹಳೇ ಮಾತೇ ಅಚ್ಚಾಗಿತ್ತು. ಸ್ಮಾರಕದ ಹಣದ ಲೆಕ್ಕ ನೋಡುವ ಅಜ್ಜಿಗೆ ಹೆದರುತ್ತಲೇ ತೋರಿಸಿದೆ. ಆಕೆ ಕನ್ನಡಕ ಏರಿಸಿಕೊಂಡು ಓದಿ, ಪೆನ್ನು ತೆಗೆದು, ನನ್ನೆದುರೇ ಆ ಸಾಲು ಹೊಡೆದುಹಾಕಿದರು. ಕಲ್ಲಿನ ಮೇಲೆ ಅದು ಬರುವುದಿಲ್ಲ.

ಎರಡನೆಯದು ರಾಜಕೀಯದ ಭಯ. ಅದು ನನಗೆ ಅರ್ಥವಾಗುತ್ತದೆ. 2025ರ ಜನವರಿಯಲ್ಲಿ ವಾಯುಪಡೆ ತನ್ನ ಹೊಸ ಸೈನಿಕರ ತರಬೇತಿಯಿಂದ ಟಸ್ಕೀಗಿ ಏರ್‌ಮೆನ್ ಬಗೆಗಿನ ವಿಡಿಯೊ ಇದ್ದ ಪಾಠವನ್ನೇ ತೆಗೆದಿತ್ತು. ಗದ್ದಲವಾಯಿತು, ಕೆಲವೇ ದಿನದಲ್ಲಿ ವಾಪಸ್ ಹಾಕಿದರು. ಕಲ್ಲು ಬೇಕು ಅನ್ನುವುದು ಇದಕ್ಕೇ. ವಿಡಿಯೊ ಅಳಿಸಬಹುದು. ಕಡತ ಕಳೆಯಬಹುದು. 1949ರಲ್ಲಿ ಲಾಸ್ ವೇಗಸ್‌ನಲ್ಲಿ ವಾಯುಪಡೆಯ ಗುರಿ ಹೊಡೆಯುವ ಸ್ಪರ್ಧೆ ನಡೆದಾಗ ಪ್ರೊಪೆಲ್ಲರ್ ವಿಮಾನಗಳ ವಿಭಾಗದಲ್ಲಿ ಗೆದ್ದದ್ದು ಇದೇ ಕೆಂಪು ಬಾಲದವರ ತಂಡ. ಎಷ್ಟೋ ವರ್ಷ ದಾಖಲೆಯಲ್ಲಿ ಅವರ ಹೆಸರೇ ಇರಲಿಲ್ಲ. ಕಪ್ ಮ್ಯೂಸಿಯಂ ಒಂದರ ಉಗ್ರಾಣದಲ್ಲಿ ಧೂಳು ತಿನ್ನುತ್ತಿತ್ತು.

ನಮಗೆ ಕಲ್ಲಿನ ಬೆಲೆ ಹೇಳಿಕೊಡಬೇಕಾ? ನಮ್ಮೂರ ಕೆರೆ ಏರಿ ಮೇಲೆ ಒಂದು ವೀರಗಲ್ಲಿದೆ. ಮೂರು ಪಟ್ಟಿ. ಕೆಳಗೆ ಕಾಳಗ. ನಡುವೆ ಅಪ್ಸರೆಯರು ಆ ವೀರನ ತೋಳು ಹಿಡಿದು ಮೇಲಕ್ಕೆ ಹಾರಿಸಿಕೊಂಡು ಹೋಗುತ್ತಿರುವುದು. ಮೇಲಿನ ಪಟ್ಟಿಯಲ್ಲಿ ಲಿಂಗದ ಮುಂದೆ ಕೂತಿದ್ದಾನೆ. ಊರಿನ ದನ ಹೊಡಕೊಂಡು ಹೋಗುತ್ತಿದ್ದವರ ಜೊತೆ ಹೊಡೆದಾಡಿ ಸತ್ತ ಯಾರೋ. ಅಕ್ಷರ ಸವೆದು ಹೆಸರು ಓದೋಕೆ ಬರಲ್ಲ. ಅವನ ಜಾತಿ ಯಾವುದು, ನಮ್ಮ ಕಡೆಯವನಾ ಅಂತ ನಮ್ಮಜ್ಜಿ ಒಂದು ದಿನವೂ ಕೇಳಲಿಲ್ಲ. ಶ್ರಾವಣ ಬಂದರೆ ಕಲ್ಲಿಗೆ ನೀರು ಹಾಕಿ, ಕುಂಕುಮ ಇಟ್ಟು ಬರುತ್ತಿದ್ದಳು. ಉಳಿದ ದಿನ ಅದರ ಮೇಲೇ ಬಟ್ಟೆ ಒಣಹಾಕುತ್ತಿದ್ದಳು ಅನ್ನುವುದೂ ನಿಜ.

ಇಂಥ ಸ್ಮಾರಕ ಹೊಸತೂ ಅಲ್ಲ. ಮಿಶಿಗನ್‌ನ ಪೋರ್ಟ್ ಹ್ಯೂರಾನ್‌ನಲ್ಲಿ 2021ರಲ್ಲಿ ಒಂದು ಮಾಡಿದ್ದಾರೆ. ಫ್ರಾಂಕ್ ಮೂಡಿ ಅನ್ನುವ ಪೈಲಟ್ 1944ರ ಏಪ್ರಿಲ್ 11ರಂದು ಅಭ್ಯಾಸದ ಹೊತ್ತಿನಲ್ಲಿ ಹ್ಯೂರಾನ್ ಸರೋವರಕ್ಕೆ ಬಿದ್ದು ಸತ್ತರು. 22 ವರ್ಷ. ಅವರ ವಿಮಾನ ಎಪ್ಪತ್ತು ವರ್ಷ ನೀರಿನ ತಳದಲ್ಲೇ ಇತ್ತು. 2014ರಲ್ಲಿ ಅಪ್ಪ ಮಗ ಇಬ್ಬರು ಮುಳುಗುಗಾರರ ಕಣ್ಣಿಗೆ ಬಿತ್ತು. ಆ ಊರಿನಲ್ಲಿ ಕೈಜೋಡಿಸಿದವರೆಲ್ಲ ಕಪ್ಪು ಜನರೇನಲ್ಲ.

ಇನ್ನು ನನ್ನ ಕೋರಿಕೆ. ಕೂಟದ ಖಾತೆಯಿಂದ 500 ಡಾಲರ್ ಕೊಡಿ. ಐದು ಇಟ್ಟಿಗೆ. ದೀಪಾವಳಿಗೆ ಕರೆಸಿದ ಡಿಜೆಗೆ ಇದರ ಮೂರರಷ್ಟು ಕೊಟ್ಟಿದ್ದೀರಿ, ಲೆಕ್ಕಪತ್ರದಲ್ಲಿದೆ. ಯುಗಾದಿ ಕಾರ್ಯಕ್ರಮದಲ್ಲಿ ನನ್ನ ಟೇಬಲ್ ಜಾಗ ವಾಪಸ್ ಕೊಡಿ, ಸಂಜೆ ತನಕ. ಆ ಅಜ್ಜಿಯನ್ನು ವೇದಿಕೆಗೆ ಕರೆದು ಹತ್ತು ನಿಮಿಷ ಮಾತಾಡಲು ಬಿಡಿ. ನಮ್ಮ ಕನ್ನಡ ಕಲಿ ಮಕ್ಕಳು ಪ್ರಶ್ನೆ ಕೇಳಲಿ, ಚೆನ್ನಾಗಿ ಕೇಳುತ್ತಾರೆ. ಮತ್ತೆ ಆ 'ಕರಿಯರು' ಅನ್ನುವ ಪದ. ಅದನ್ನು ಕೂಟದ ಜಾಗದಲ್ಲಿ ಯಾರೂ ಆಡಬಾರದು ಅಂತ ಒಂದು ಮಾತು ಮೈಕಿನಲ್ಲಿ ಹೇಳಿ. ನಮ್ಮ ಮಕ್ಕಳ ಕ್ಲಾಸಿನಲ್ಲಿ ಅವರ ಸ್ನೇಹಿತರಿದ್ದಾರೆ. ಮನೆಗೆ ಬಂದು ಆ ಪದದ ಅರ್ಥ ಕೇಳುತ್ತಾರೆ. ನನ್ನ ಮಗಳು ಆವತ್ತೇ ಕೇಳಿದಳು, ಕಾರಿನಲ್ಲಿ.

ಒಂದು ಕೋರಿಕೆ ಉಳಿದಿದೆ. ಅದು ನನ್ನದಲ್ಲ. ಆವತ್ತು ಟೇಬಲ್ ಹತ್ತಿರ ಮಗಳ ಮನೆಗೆ ಬೆಂಗಳೂರಿನಿಂದ ಬಂದಿರುವ ಒಬ್ಬ ತಾತ ಬಂದರು. ಎಚ್‌ಎಎಲ್‌ನಲ್ಲಿ ಫಿಟ್ಟರ್ ಆಗಿದ್ದವರು. ಕೆಂಪು ಬಾಲದ ಮಸ್ಟಾಂಗ್ ಯುದ್ಧವಿಮಾನದ ಫೋಟೊ ನೋಡಿ, ಹೆಸರು ಗಿಸರು ಕೇಳದೆ, 'ಎಂಜಿನ್ ಯಾವುದಪ್ಪ?' ಅಂದರು. ಮರ್ಲಿನ್ ಅಂದೆ. 'ಪ್ಯಾಕರ್ಡ್‌ನವರು ಮಾಡಿದ್ದು' ಅಂತ ತಾವೇ ಸೇರಿಸಿದರು. ಯುದ್ಧದ ಕಾಲದಲ್ಲಿ ನಮ್ಮ ಎಚ್‌ಎಎಲ್ ಅಮೆರಿಕದ ವಾಯುಪಡೆಯ ಕೈಯಲ್ಲಿತ್ತು, ಕ್ಯಾಟಲೀನಾ ವಿಮಾನಗಳು ರಿಪೇರಿಗೆ ಬರುತ್ತಿದ್ದವು ಅಂತ ತಾವು ಕೆಲಸಕ್ಕೆ ಸೇರಿದಾಗ ಹಳೇ ಫಿಟ್ಟರ್‌ಗಳು ಹೇಳುತ್ತಿದ್ದುದನ್ನು ನೆನಪಿಸಿಕೊಂಡರು. ಆಮೇಲೆ ಕರಪತ್ರ ತಿರುಗಿಸಿ ನೋಡಿ ಕೇಳಿದರು. 'ಹಾರಿಸಿದವರ ಹೆಸರು ಹಾಕ್ತೀರಿ. ಸ್ಪ್ಯಾನರ್ ಹಿಡಿದವರದ್ದು?'

ನನ್ನ ಹತ್ತಿರ ಉತ್ತರ ಇರಲಿಲ್ಲ. ಪೈಲಟ್‌ಗಳು ಸಾವಿರದ ಹತ್ತಿರ ಇದ್ದರೆ, ಮೆಕ್ಯಾನಿಕ್‌ಗಳು, ಶಸ್ತ್ರ ತುಂಬುವವರು, ಪ್ಯಾರಾಶೂಟ್ ಮಡಚುತ್ತಿದ್ದ ಹೆಂಗಸರು, ನರ್ಸ್‌ಗಳು, ಅಡುಗೆಯವರು ಎಲ್ಲ ಸೇರಿ ಹತ್ತು ಸಾವಿರಕ್ಕೂ ಹೆಚ್ಚು ಜನ ಇದ್ದರು. ತಾತ ಇಪ್ಪತ್ತು ಡಾಲರ್ ಹಾಕಿ, ಡಬ್ಬ ಅಲ್ಲಾಡಿಸಿ ನೋಡಿ ಹೋದರು. ಮುಂದಿನ ಭಾನುವಾರ ಅಜ್ಜಿಗೆ ಈ ಮಾತು ಮುಟ್ಟಿಸಿದೆ. ಇಟ್ಟಿಗೆಯ ಮೇಲೆ ಏನು ಬೇಕಾದರೂ ಕೆತ್ತಿಸಬಹುದು, ಒಂದು ಸಾಲಿಗೆ ಹದಿನೆಂಟು ಅಕ್ಷರ, ಮೂರು ಸಾಲು ಅಂದರು.

ಹಾಗಾಗಿ ಕೂಟದ ಐದು ಇಟ್ಟಿಗೆಗಳ ಮೇಲೆ ಕೂಟದ ಹೆಸರು ಬೇಡ, ಅಧ್ಯಕ್ಷರ ಹೆಸರೂ ಬೇಡ. ಆ ವಿಮಾನಗಳನ್ನು ರಿಪೇರಿ ಮಾಡಿದವರಿಗೆ ಅಂತ ಕೆತ್ತಿಸೋಣ. ನಾಲ್ಕು ಇಂಗ್ಲಿಷಿನಲ್ಲಿ, ಒಂದು ಕನ್ನಡದಲ್ಲಿ. ಕನ್ನಡ ಅಕ್ಷರ ಕೆತ್ತಲು ಆಗುತ್ತಾ ಅಂತ ಕಲ್ಲಿನವರನ್ನು ಕೇಳಿದ್ದೇನೆ. ಚಿತ್ರ ಕಳಿಸಿದರೆ ಆಗುತ್ತೆ ಅಂದಿದ್ದಾರೆ, ಒತ್ತಕ್ಷರ ಸ್ವಲ್ಪ ದೊಡ್ಡದಾಗಿ ಬರೆಯಬೇಕಂತೆ.

ತಾತನ ವೀಸಾ ಮಾರ್ಚ್ ಕೊನೆಗೆ ಮುಗಿಯುತ್ತದೆ. ಅಷ್ಟರೊಳಗೆ ಸಮಿತಿಯ ಸಭೆಯಲ್ಲಿ ಈ ವಿಷಯಕ್ಕೆ ಐದು ನಿಮಿಷ ಕೊಡಿ. ಡಬ್ಬ ನನ್ನ ಮನೆಯಲ್ಲೇ ಇದೆ, 212 ಡಾಲರ್ ಸಮೇತ. ಟೇಬಲ್ ನಾನೇ ತರುತ್ತೇನೆ.

ಇಂತಿ,
ನಿಮ್ಮ ಕೂಟದ ಹನ್ನೊಂದು ವರ್ಷದ ಸದಸ್ಯ